ಪಗಾರದಾರರಿಗೆ ವರಮಾನ ತೆರಿಗೆಯ ಪಾಠ: ಹಳೆಯ ಪದ್ಧತಿಯೋ, ಹೊಸ ಪದ್ಧತಿಯೋ?



ಪ್ರತಿ ವರ್ಷ ಏಪ್ರಿಲ್ ತಿಂಗಳು ಬಂತೆಂದರೆ ನಮ್ಮ ಗಿರಣಿಯ ಪಗಾರ ಖಾತೆಯಿಂದ ಒಂದು ಫಾರಮು ಎಲ್ಲರ ಕೈಗೂ ಬರುತ್ತದೆ. ಕೆಲವು ಕಚೇರಿಗಳಲ್ಲಿ ಅದು ಕಾಗದದ ಬದಲು ಮೊಬೈಲಿನಲ್ಲಿಯೇ ಬರುವುದುಂಟು. ಅದರಲ್ಲಿ ಮುಖ್ಯವಾಗಿ ಕೇಳುವುದು ಒಂದೇ ಪ್ರಶ್ನೆ: ಈ ವರ್ಷ ನಿಮ್ಮ ಪಗಾರದ ಮೇಲಿನ ವರಮಾನ ತೆರಿಗೆಯನ್ನು ಹಳೆಯ ಪದ್ಧತಿಯಂತೆ ಲೆಕ್ಕ ಹಾಕಬೇಕೋ, ಹೊಸ ಪದ್ಧತಿಯಂತೆ ಹಾಕಬೇಕೋ? ನಮ್ಮಲ್ಲಿ ಹೆಚ್ಚಿನವರು ಪಕ್ಕದವರು ಯಾವುದಕ್ಕೆ ಗುರುತು ಹಾಕಿದರೆಂದು ನೋಡಿ ಅದಕ್ಕೇ ಗುರುತು ಹಾಕಿಬಿಡುತ್ತೇವೆ. ಕೆಲವರು ಫಾರಮನ್ನು ತಿರುಗಿ ಕೊಡುವುದೇ ಇಲ್ಲ. ಈ ಒಂದು ಗುರುತಿನಿಂದ ಬಡ ನೌಕರನ ಕೈಯಿಂದ ಸಾವಿರಾರು ರೂಪಾಯಿ ಹೋಗಬಹುದೆಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಅದಕ್ಕಾಗಿ ಈ ಪಾಠ.

ನಾವು ತೆರಿಗೆ ವಕೀಲರಲ್ಲ. ಮೆಟ್ರಿಕ್ ಮುಗಿಸಿ ಗಿರಣಿಯಲ್ಲಿ ಗುಮಾಸ್ತಿಕೆಗೆ ಸೇರಿದವರು. ಆದಿತ್ಯವಾರ ವಾಚನಾಲಯದ ಬಾಗಿಲು ತೆರೆದು ಕೂತಾಗ ಬಂಧುಗಳು ಪಗಾರದ ಚೀಟಿ ಹಿಡಿದು ಬಂದು ಕೇಳುವ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಕಲಿತದ್ದನ್ನೇ ಇಲ್ಲಿ ಬರೆದಿದ್ದೇವೆ.

ಒಬ್ಬ ಫಿಟ್ಟರನ ಕಥೆ

ನಮ್ಮ ಗಿರಣಿಯ ನೇಯ್ಗೆ ಖಾತೆಯಲ್ಲಿ ವಿಜಾಪುರದ ಕಡೆಯ ಒಬ್ಬ ಫಿಟ್ಟರ್ ಇದ್ದಾರೆ. ಓವರ್‌ಟೈಮ್ ಸೇರಿ ಅವರ ಪಗಾರ ತಿಂಗಳಿಗೆ 55,000, ವರ್ಷಕ್ಕೆ 6,60,000 ರೂಪಾಯಿ. 2024ರ ಏಪ್ರಿಲ್‌ನಲ್ಲಿ ಅವರು ಎಂದಿನಂತೆ ಹಳೆಯ ಪದ್ಧತಿಗೆ ಗುರುತು ಹಾಕಿದರು. ಪಿಎಫ್, ಎಲ್‌ಐಸಿ ಮತ್ತು ಚಾಳಿನ ಕೋಣೆಯ ಬಾಡಿಗೆ, ಇವನ್ನು ತೋರಿಸಿದರೆ ತೆರಿಗೆ ಬರುವುದಿಲ್ಲವೆಂಬುದು ಅವರ ಲೆಕ್ಕ. ಆ ಲೆಕ್ಕ ತಪ್ಪೂ ಅಲ್ಲ. ಆದರೆ ಜನವರಿಯಲ್ಲಿ ಬಾಡಿಗೆಯ ಪಾವತಿ ಕೇಳಿದಾಗ ಕೋಣೆಯ ಮಾಲಿಕರು ಬರೆದುಕೊಡಲು ಒಪ್ಪಲಿಲ್ಲ. ಪಾವತಿ ಇಲ್ಲದೆ ಬಾಡಿಗೆಯ ವಿನಾಯಿತಿ ಇಲ್ಲ. ಹೀಗಾಗಿ ಇಡೀ ವರ್ಷದ ತೆರಿಗೆ 22,880 ರೂಪಾಯಿಯನ್ನು ಫೆಬ್ರವರಿ ಮತ್ತು ಮಾರ್ಚ್ ಎರಡೇ ತಿಂಗಳ ಪಗಾರದಲ್ಲಿ ಮುರಿದುಕೊಳ್ಳಲಾಯಿತು.

ಆ ಹಣವನ್ನು ಅವರು ಊರಿನ ಮನೆಯ ಮಾಳಿಗೆಗಾಗಿ ಇಟ್ಟುಕೊಂಡಿದ್ದರು. ಮಳೆಗಾಲದೊಳಗೆ ಜಂತಿ ಬದಲಿಸಬೇಕೆಂದು ತಂದೆಯವರಿಗೆ ಮಾತು ಕೊಟ್ಟಿದ್ದರು. ಪಗಾರದ ಚೀಟಿ ತಂದು ಮೇಜಿನ ಮೇಲಿಟ್ಟು, "ಇಷ್ಟು ವರ್ಷ ಹಿಂಗ ಬರದು ಕೊಟ್ಟೇನ್ರಿ, ಈಗೇನು ತಪ್ಪಾತು ನೋಡ್ರಿ ಸಾಹೇಬ್ರ" ಎಂದರು. ನಾವು ನೋಡಿದೆವು. ಅವರು ಹೊಸ ಪದ್ಧತಿಗೆ ಗುರುತು ಹಾಕಿದ್ದರೆ ಬಾಡಿಗೆಯ ಪಾವತಿಯೂ ಬೇಕಿರಲಿಲ್ಲ, ಎಲ್‌ಐಸಿಯ ರಸೀದಿಯೂ ಬೇಕಿರಲಿಲ್ಲ. ತೆರಿಗೆ ಸೊನ್ನೆಯೇ ಆಗುತ್ತಿತ್ತು. ಏಪ್ರಿಲ್‌ನಲ್ಲಿ ಆ ಫಾರಮನ್ನು ಅವರ ಕೈಯಿಂದ ತೆಗೆದುಕೊಂಡವರು ನಾವೇ. ಅಂದು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು, ಕೇಳಲಿಲ್ಲ.

ಮುಂದೆ ಏನಾಯಿತೆಂಬುದನ್ನು ಆಮೇಲೆ ಹೇಳುತ್ತೇವೆ. ಮೊದಲು ಈ ಎರಡು ಪದ್ಧತಿಗಳೆಂದರೇನು ಎಂಬುದನ್ನು ತಿಳಿಯೋಣ.

ಎರಡು ಪದ್ಧತಿಗಳು

ಹಳೆಯ ಪದ್ಧತಿಯಲ್ಲಿ ತೆರಿಗೆಯ ದರ ಹೆಚ್ಚು, ಆದರೆ ವಜಾಗಳು ಬಹಳ. ಪಿಎಫ್, ಎಲ್‌ಐಸಿ, ಮಕ್ಕಳ ಶಾಲೆಯ ಟ್ಯೂಷನ್ ಫೀ, ಮನೆ ಸಾಲದ ಅಸಲು ಮುಂತಾದವು ಎಲ್ಲ ಸೇರಿ 1,50,000 ರೂಪಾಯಿಯವರೆಗೆ ವಜಾ ಆಗುತ್ತವೆ. 80ಸಿ ಎಂದು ಎಲ್ಲರ ಬಾಯಲ್ಲಿರುವುದು ಇದೇ. ಇದಲ್ಲದೆ ಆರೋಗ್ಯ ವಿಮೆಯ ಕಂತು, ಸ್ವಂತ ವಾಸದ ಮನೆಯ ಸಾಲದ ಬಡ್ಡಿ 2,00,000ದವರೆಗೆ, ಬಾಡಿಗೆ ಮನೆಯಲ್ಲಿರುವವರಿಗೆ ಮನೆ ಬಾಡಿಗೆ ಭತ್ಯೆಯ ವಿನಾಯಿತಿ, ಪ್ರೊಫೆಷನ್ ಟ್ಯಾಕ್ಸ್ ಇತ್ಯಾದಿ.

ಹೊಸ ಪದ್ಧತಿಯು 2020-21ನೇ ಸಾಲಿನಿಂದ ಬಂದಿತು. ಇಲ್ಲಿ ದರ ಕಡಿಮೆ. ಆದರೆ ಮೇಲೆ ಹೇಳಿದ ವಜಾಗಳಲ್ಲಿ ಒಂದೂ ಇಲ್ಲ. ಎಲ್ಲ ಪಗಾರದಾರರಿಗೂ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್ ಮಾತ್ರ ಉಂಟು. ನೌಕರನ ಪರವಾಗಿ ಮಾಲಿಕರು ರಾಷ್ಟ್ರೀಯ ಪಿಂಚಣಿ ಯೋಜನೆಗೆ ಕಟ್ಟುವ ಹಣಕ್ಕೂ ವಜಾ ಉಳಿದಿದೆ.

ಒಂದು ಮಾತನ್ನು ಗಟ್ಟಿಯಾಗಿ ನೆನಪಿಡಬೇಕು. 2023-24ನೇ ಸಾಲಿನಿಂದ ಹೊಸ ಪದ್ಧತಿಯೇ ಮೂಲ ಪದ್ಧತಿಯಾಗಿದೆ. ಅಂದರೆ ನೀವು ಫಾರಮು ಕೊಡದೆ ಸುಮ್ಮನಿದ್ದರೆ ಪಗಾರ ಖಾತೆಯವರು ಹೊಸ ಪದ್ಧತಿಯಂತೆಯೇ ಮುರಿಯುತ್ತಾರೆ. ಸುಮ್ಮನಿರುವುದೂ ಒಂದು ಆಯ್ಕೆಯೇ ಎಂದು ತಿಳಿಯಿರಿ.

2025-26ನೇ ಸಾಲಿನ, ಅಂದರೆ 2025ರ ಏಪ್ರಿಲ್ 1ರಿಂದ 2026ರ ಮಾರ್ಚ್ 31ರವರೆಗಿನ ದರಗಳು ಹೀಗಿವೆ.

ಹೊಸ ಪದ್ಧತಿ: ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ, 4ರಿಂದ 8 ಲಕ್ಷದವರೆಗೆ ನೂರಕ್ಕೆ 5, 8ರಿಂದ 12ರವರೆಗೆ 10, 12ರಿಂದ 16ರವರೆಗೆ 15, 16ರಿಂದ 20ರವರೆಗೆ 20, 20ರಿಂದ 24ರವರೆಗೆ 25, ಅದರ ಮೇಲೆ 30. ಸ್ಟ್ಯಾಂಡರ್ಡ್ ಡಿಡಕ್ಷನ್ 75,000. ಇದನ್ನು ಕಳೆದ ಮೇಲೆ ಉಳಿದ ವರಮಾನ 12 ಲಕ್ಷದೊಳಗಿದ್ದರೆ ರಿಬೇಟ್ ಎಂಬ ರಿಯಾಯಿತಿಯಿಂದ ತೆರಿಗೆ ಸೊನ್ನೆ.

ಹಳೆಯ ಪದ್ಧತಿ (60 ವರ್ಷದೊಳಗಿನವರಿಗೆ): ಮೊದಲ 2,50,000ಕ್ಕೆ ತೆರಿಗೆ ಇಲ್ಲ, 5 ಲಕ್ಷದವರೆಗೆ ನೂರಕ್ಕೆ 5, 10 ಲಕ್ಷದವರೆಗೆ 20, ಅದರ ಮೇಲೆ 30. ಸ್ಟ್ಯಾಂಡರ್ಡ್ ಡಿಡಕ್ಷನ್ 50,000. ಎಲ್ಲ ವಜಾ ಹೋಗಿ ಉಳಿದ ವರಮಾನ 5 ಲಕ್ಷದೊಳಗಿದ್ದರೆ ಮಾತ್ರ ತೆರಿಗೆ ಸೊನ್ನೆ.

ಎರಡರಲ್ಲಿಯೂ ಬಂದ ತೆರಿಗೆಯ ಮೇಲೆ ನೂರಕ್ಕೆ 4ರಂತೆ ಸೆಸ್ ಸೇರುತ್ತದೆ.

ಲೆಕ್ಕ ಮಾಡಿ ನೋಡೋಣ

ನಮ್ಮ ಫಿಟ್ಟರ್ ಬಂಧುವಿನ 6,60,000 ರೂಪಾಯಿಯನ್ನೇ ತೆಗೆದುಕೊಳ್ಳೋಣ. ಹಳೆಯ ಪದ್ಧತಿಯಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 50,000, ಪ್ರೊಫೆಷನ್ ಟ್ಯಾಕ್ಸ್ 2,500, ಪಿಎಫ್ ಮತ್ತು ಎಲ್‌ಐಸಿ ಸೇರಿ 60,000. ಇವನ್ನು ಕಳೆದರೆ ಉಳಿಯುವುದು 5,47,500. ಇದು 5 ಲಕ್ಷವನ್ನು ದಾಟಿತು, ರಿಯಾಯಿತಿ ಹೋಯಿತು. 2,50,000ದಿಂದ 5,00,000ದವರೆಗೆ 12,500, ಮೇಲಿನ 47,500ಕ್ಕೆ 9,500, ಒಟ್ಟು 22,000. ಸೆಸ್ 880. ಒಟ್ಟು 22,880.

ಬಾಡಿಗೆಯ ಪಾವತಿ ಸಿಕ್ಕಿದ್ದರೆ? ಅವರು ಕೊಡುವ ಬಾಡಿಗೆ ತಿಂಗಳಿಗೆ 8,000, ವರ್ಷಕ್ಕೆ 96,000. ಮೂಲ ಪಗಾರ ಮತ್ತು ತುಟ್ಟಿಭತ್ಯೆ ಸೇರಿ ವರ್ಷಕ್ಕೆ 4,00,000. ಅದರ ಹತ್ತನೆಯ ಒಂದು ಪಾಲು 40,000. ಬಾಡಿಗೆಯಿಂದ ಇದನ್ನು ಕಳೆದರೆ 56,000. ಮಾಲಿಕರು ಕೊಟ್ಟ ಬಾಡಿಗೆ ಭತ್ಯೆ, ಪಗಾರದ ಅರ್ಧ, ಮತ್ತು ಈ ಅಂಕಿ, ಈ ಮೂರರಲ್ಲಿ ಎಲ್ಲಕ್ಕಿಂತ ಕಡಿಮೆಯದು ವಿನಾಯಿತಿಯಾಗುತ್ತದೆ. ಅವರಿಗೆ 56,000ವೇ ಕಡಿಮೆಯದು. ಆಗ ಉಳಿಯುವುದು 4,91,500, ತೆರಿಗೆ ಸೊನ್ನೆ. (1961ರ ಕಾಯಿದೆಯ ನಿಯಮದಲ್ಲಿ ಪಗಾರದ ಅರ್ಧ ಎಂಬುದು ಮುಂಬಯಿ, ದೆಹಲಿ, ಚೆನ್ನೈ, ಕೋಲ್ಕತ್ತ ಈ ನಾಲ್ಕು ನಗರಗಳಿಗೆ ಮಾತ್ರ. 2025-26ರ ಲೆಕ್ಕದಲ್ಲಿ ಪುಣೆ, ಹೈದರಾಬಾದುಗಳಲ್ಲಿ ಇರುವ ಬಂಧುಗಳು ನೂರಕ್ಕೆ 40 ಹಿಡಿಯಬೇಕು.)

ಹೊಸ ಪದ್ಧತಿಯಲ್ಲಿ? 6,60,000ದಿಂದ 75,000 ಕಳೆದರೆ 5,85,000. ರಿಯಾಯಿತಿಯ ಮಿತಿ 2024-25ರಲ್ಲಿ 7 ಲಕ್ಷ ಇತ್ತು, 2025-26ರಲ್ಲಿ 12 ಲಕ್ಷ. ಹೇಗೆ ನೋಡಿದರೂ ಸೊನ್ನೆ.

ಈ ಪಾಠದ ಸಾರ ಇಲ್ಲಿದೆ. ಹಳೆಯ ಪದ್ಧತಿಯಲ್ಲಿ ಸೊನ್ನೆಗೆ ಬರಲು ಕಾಗದಗಳು ಬೇಕು. ಒಂದು ಕಾಗದ ತಪ್ಪಿದರೆ ಇಡೀ ತೆರಿಗೆ ಬೀಳುತ್ತದೆ. ಹೊಸ ಪದ್ಧತಿಯಲ್ಲಿ ಆ ಕಾಗದಗಳೇ ಬೇಡ. ಚಾಳಿನ ಕೋಣೆಯಲ್ಲಿಯೋ ನಾಲ್ವರು ಸೇರಿ ಹಿಡಿದ ಖೋಲಿಯಲ್ಲಿಯೋ ಇರುವ ನಮ್ಮಂಥವರಿಗೆ ಕಾಗದವೇ ಸಿಗುವುದು ಕಷ್ಟ. 2025-26ರ ಲೆಕ್ಕದಂತೆ ವರ್ಷದ ಪಗಾರ 12,75,000 ದಾಟದವರಿಗೆ, ಬೇರೆ ವರಮಾನವಿಲ್ಲದಿದ್ದರೆ, ಹೊಸ ಪದ್ಧತಿಯಲ್ಲಿ ತೆರಿಗೆ ಸೊನ್ನೆ. ಸೊನ್ನೆಗಿಂತ ಕಡಿಮೆ ಯಾವ ಪದ್ಧತಿಯಲ್ಲಿಯೂ ಬರಲಾರದು.

ಹಳೆಯದು ಯಾರಿಗೆ ಲಾಭ?

ಪಗಾರ 12,75,000 ದಾಟಿದವರು ಕೂತು ಲೆಕ್ಕ ಹಾಕಬೇಕು. ಸ್ವಲ್ಪವೇ ದಾಟಿದವರು ಹೆದರಬೇಕಾಗಿಲ್ಲ. ವಜಾ ಕಳೆದ ವರಮಾನ 12 ಲಕ್ಷದ ಮೇಲೆ 10,000 ಮಾತ್ರ ಇದ್ದರೆ ಸೆಸ್ ಬಿಟ್ಟು ತೆರಿಗೆಯೂ 10,000ಕ್ಕೆ ನಿಲ್ಲುವಂತೆ ಏರ್ಪಾಡು ಇದೆ. ಪಗಾರ 15,00,000 ಇರುವವರಿಗೆ ಹೊಸ ಪದ್ಧತಿಯಲ್ಲಿ ತೆರಿಗೆ 93,750, ಸೆಸ್ ಸೇರಿ 97,500. ಇಷ್ಟೇ ತೆರಿಗೆ ಹಳೆಯ ಪದ್ಧತಿಯಲ್ಲಿ ಬರಬೇಕಾದರೆ ಸ್ಟ್ಯಾಂಡರ್ಡ್ ಡಿಡಕ್ಷನ್ ಬಿಟ್ಟು 5,43,750 ರೂಪಾಯಿಯ ವಜಾ ತೋರಿಸಬೇಕು. ಮನೆ ಸಾಲದ ಬಡ್ಡಿ ಮತ್ತು ದೊಡ್ಡ ಬಾಡಿಗೆ ಎರಡೂ ಇರುವ ಕೆಲವರಿಗೆ ಇದು ಸಾಧ್ಯ. ಉಳಿದವರಿಗೆ ಕಷ್ಟ.

ಪಿಎಫ್ ನಿಲ್ಲುತ್ತದೆಯೇ?

ಕಳೆದ ಒಂದು ಆದಿತ್ಯವಾರ ಹೋಟೆಲಿನಲ್ಲಿ ಕ್ಯಾಷಿಯರ್ ಆಗಿರುವ ಕುಂದಾಪುರದ ಬಂಧುವೊಬ್ಬರು, "ಹೊಸದಕ್ಕೆ ಗುರುತು ಹಾಕಿದರೆ ನಮ್ಮ ಪಿಎಫ್ ನಿಂತು ಹೋಗುವುದಿಲ್ಲವಾ ಮಾರಾಯ್ರೆ?" ಎಂದು ಕೇಳಿದರು. ಈ ಅಂಜಿಕೆ ಹಲವರಲ್ಲಿದೆ. ಪಿಎಫ್ ನಿಲ್ಲುವುದಿಲ್ಲ. ನಿಮ್ಮ ಪಾಲೂ ಮಾಲಿಕರ ಪಾಲೂ ಎಂದಿನಂತೆ ಜಮೆಯಾಗುತ್ತವೆ. ನಿಮ್ಮ ಪಾಲನ್ನು ತೆರಿಗೆಯ ಲೆಕ್ಕದಲ್ಲಿ ವಜಾ ಎಂದು ತೋರಿಸಲಾಗುವುದಿಲ್ಲ, ಅಷ್ಟೇ ವ್ಯತ್ಯಾಸ. ಹಾಗೆಯೇ ವಜಾ ಸಿಗುವುದಿಲ್ಲವೆಂದು ನಡೆಯುತ್ತಿರುವ ಎಲ್‌ಐಸಿ ಪಾಲಿಸಿಯನ್ನು ಅರ್ಧಕ್ಕೆ ಬಿಡುವುದೂ ಬೇಡ. ವಿಮೆ ಇರುವುದು ಹೆಂಡತಿ ಮಕ್ಕಳ ರಕ್ಷಣೆಗೆ. ತೆರಿಗೆ ಉಳಿತಾಯ ಅದರ ಜೊತೆಗೆ ಬಂದದ್ದು.

ವರ್ಷದ ನಡುವೆ ಕೆಲಸ ಬದಲಿಸಿದವರು

ಇಲ್ಲಿ ಬಹಳ ಜನ ಎಡವುತ್ತಾರೆ. ನಮ್ಮ ಪರಿಚಯದ ಒಬ್ಬ ಯುವಕರು 2023ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಕಡೆ ತಿಂಗಳಿಗೆ 50,000 ಪಗಾರದಲ್ಲಿದ್ದರು. ಅಕ್ಟೋಬರ್‌ನಿಂದ ಬೇರೊಂದು ಕಡೆ 80,000ಕ್ಕೆ ಸೇರಿದರು. ಮೊದಲಿನವರು 3,00,000 ಕೊಟ್ಟರು, ಎರಡನೆಯವರು 4,80,000 ಕೊಟ್ಟರು. ಹಿಂದಿನ ಪಗಾರದ ವಿಷಯವನ್ನು ಇವರು ಹೊಸಬರಿಗೆ ತಿಳಿಸಲಿಲ್ಲ. ಇಬ್ಬರೂ ತಮ್ಮ ತಮ್ಮ ಪಾಲನ್ನಷ್ಟೇ ನೋಡಿ ತೆರಿಗೆ ಇಲ್ಲವೆಂದು ಬಿಟ್ಟರು. ಇಬ್ಬರೂ ಸ್ಟ್ಯಾಂಡರ್ಡ್ ಡಿಡಕ್ಷನನ್ನು ಬೇರೆ ಬೇರೆಯಾಗಿ ಕಳೆದಿದ್ದರು.

ಸರಕಾರಕ್ಕೆ ಮನುಷ್ಯ ಒಬ್ಬನೇ, ವರಮಾನವೂ ಒಂದೇ. ಒಟ್ಟು 7,80,000, ಆ ವರ್ಷದ ಸ್ಟ್ಯಾಂಡರ್ಡ್ ಡಿಡಕ್ಷನ್ 50,000ವನ್ನು ಒಮ್ಮೆ ಮಾತ್ರ ಕಳೆದು 7,30,000. ಆಗಿನ ರಿಯಾಯಿತಿಯ ಮಿತಿ 7 ಲಕ್ಷ ದಾಟಿತು. 2024ರ ಜುಲೈಯಲ್ಲಿ ರಿಟರ್ನ್ ತುಂಬಲು ಕೂತಾಗ ತೆರಿಗೆ 28,000, ಸೆಸ್ 1,120, ಒಟ್ಟು 29,120 ರೂಪಾಯಿ ಒಮ್ಮೆಲೇ ಕಟ್ಟಬೇಕಾಯಿತು. ಬಡ್ಡಿ ಬೇರೆ. 2025-26ರ ದರದಲ್ಲಿ ಇದೇ ಪಗಾರಕ್ಕೆ ತೆರಿಗೆ ಬರುವುದಿಲ್ಲ ನಿಜ. ಆದರೆ ಎರಡು ಕಡೆಯ ಪಗಾರ ಸೇರಿ ಮಿತಿ ದಾಟುವವರಿಗೆ ಹೀಗೆಯೇ ಆಗುತ್ತದೆ.

ಹೊಸ ಕೆಲಸಕ್ಕೆ ಸೇರಿದ ಮೊದಲ ವಾರದಲ್ಲಿಯೇ ಹಿಂದಿನ ಪಗಾರ ಮತ್ತು ಮುರಿದ ತೆರಿಗೆಯ ವಿವರವನ್ನು ಹೊಸ ಮಾಲಿಕರ ಪಗಾರ ಖಾತೆಗೆ ಬರೆದುಕೊಡಿರಿ. 1961ರ ಕಾಯಿದೆಯ ಕಾಲದಲ್ಲಿ ಇದಕ್ಕೆ 12ಬಿ ಎಂಬ ಫಾರಮು ಇತ್ತು. ಬ್ಯಾಂಕಿನ ಠೇವಣಿಯ ಬಡ್ಡಿ ಮುಂತಾದ ಬೇರೆ ವರಮಾನವಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಲಾಟರಿಯ ಬಹುಮಾನಕ್ಕೆ 12 ಲಕ್ಷದ ರಿಯಾಯಿತಿ ಅನ್ವಯಿಸುವುದಿಲ್ಲವೆಂಬುದೂ ನೆನಪಿರಲಿ.

ಹೆಸರು ಮತ್ತು ಪ್ಯಾನ್

ನಮ್ಮ ಕಡೆಯವರಿಗೆ ವಿಶೇಷವಾದ ಒಂದು ತೊಂದರೆಯಿದೆ. ಊರಿನಲ್ಲಿ ನಮ್ಮ ಹೆಸರಿನ ಮುಂದೆ ತಂದೆಯ ಹೆಸರಿನದೋ ಊರಿನ ಹೆಸರಿನದೋ ಮೊದಲಕ್ಷರ ಇರುತ್ತದೆ. ಇಲ್ಲಿಗೆ ಬಂದ ಮೇಲೆ ಫಾರಮಿನಲ್ಲಿ ಅಡ್ಡಹೆಸರು ಕೇಳುತ್ತಾರೆ. ಏನೋ ಒಂದು ಬರೆದುಬಿಡುತ್ತೇವೆ. ಹೀಗೆ ಆಧಾರದಲ್ಲಿ ಒಂದು ಹೆಸರು, ಪ್ಯಾನ್ ಕಾರ್ಡಿನಲ್ಲಿ ಇನ್ನೊಂದು. ಹೆಸರು ಹೊಂದದಿದ್ದರೆ ಎರಡನ್ನೂ ಜೋಡಿಸಲು ಬರುವುದಿಲ್ಲ. ಜೋಡಿಸದ ಪ್ಯಾನ್‌ಗಳು 2023ರ ಜುಲೈ 1ರಿಂದ ನಿಷ್ಕ್ರಿಯವಾದವು. ಅಂಥವರಿಗೆ ತೆರಿಗೆ ಹೆಚ್ಚಿನ ದರದಲ್ಲಿ ಮುರಿಯಬಹುದು, ತಿರುಗಿ ಬರಬೇಕಾದ ಹಣವೂ ನಿಲ್ಲುತ್ತದೆ. ಎರಡೂ ಕಾರ್ಡುಗಳನ್ನು ಇಂದೇ ಪಕ್ಕದಲ್ಲಿಟ್ಟು ಹೆಸರು, ಹುಟ್ಟಿದ ತಾರೀಖು ನೋಡಿಕೊಳ್ಳಿರಿ.

ದಲ್ಲಾಳಿಗಳ ಮಾತಿಗೆ ಮರುಳಾಗಬೇಡಿರಿ

"ಮುರಿದ ತೆರಿಗೆಯನ್ನೆಲ್ಲ ತಿರುಗಿ ಕೊಡಿಸುತ್ತೇವೆ, ನಮ್ಮ ಪಾಲು ಇಷ್ಟು" ಎಂದು ಹೇಳುವವರು ಗಿರಣಿಯ ಗೇಟಿನ ಹೊರಗೂ ಸಿಗುತ್ತಾರೆ. ಅವರು ಮಾಡುವುದೆಂದರೆ, ನೀವು ಕೊಡದ ಬಾಡಿಗೆ, ಕೊಡದ ದೇಣಿಗೆ, ಇಲ್ಲದ ಕಾಯಿಲೆಯ ಖರ್ಚು ತೋರಿಸಿ ರಿಟರ್ನ್ ತುಂಬುವುದು. ಇಂಥ ಮಧ್ಯವರ್ತಿಗಳ ಮೇಲೆ ವರಮಾನ ತೆರಿಗೆ ಇಲಾಖೆಯು 2025ರ ಜುಲೈಯಲ್ಲಿ ದೇಶದ ಅನೇಕ ಕಡೆ ತಪಾಸಣೆ ನಡೆಸಿತು. ನೋಟೀಸು ಬಂದಾಗ ದಲ್ಲಾಳಿ ಸಿಗುವುದಿಲ್ಲ. ರಿಟರ್ನಿನ ಮೇಲೆ ಹೆಸರು ನಿಮ್ಮದು. 1961ರ ಕಾಯಿದೆಯಂತೆ ಸುಳ್ಳು ವಿವರ ಕೊಟ್ಟು ತಪ್ಪಿಸಿದ ತೆರಿಗೆಯ ಎರಡು ಪಟ್ಟು ದಂಡ ಬೀಳುತ್ತದೆ. ತೆರಿಗೆ ಮತ್ತು ಬಡ್ಡಿ ಅದರ ಹೊರತು. ಪ್ರಾಮಾಣಿಕವಾಗಿಯೇ ಸೊನ್ನೆ ಬರುವಾಗ ಸುಳ್ಳು ಏಕೆ ಬೇಕು?

ತಪ್ಪನ್ನು ತಿದ್ದುವ ದಾರಿ

ಈಗ ಫಿಟ್ಟರ್ ಬಂಧುವಿನ ಕಥೆಗೆ ತಿರುಗೋಣ. ಏಪ್ರಿಲ್‌ನಲ್ಲಿ ಮಾಲಿಕರಿಗೆ ತಿಳಿಸಿದ ಪದ್ಧತಿಯು ತಿಂಗಳ ಮುರಿತಕ್ಕೆ ಮಾತ್ರ ಸಂಬಂಧಿಸಿದ್ದು. ವ್ಯಾಪಾರದ ವರಮಾನ ಇಲ್ಲದ ಪಗಾರದಾರನು ರಿಟರ್ನ್ ತುಂಬುವಾಗ ಬೇರೆ ಪದ್ಧತಿಯನ್ನು ಆರಿಸಬಹುದು. ಪ್ರತಿ ವರ್ಷವೂ ಬದಲಿಸಬಹುದು. ಹಳೆಯದನ್ನು ಆರಿಸುವವರು ಮಾತ್ರ ಗಡುವಿನೊಳಗೆ ರಿಟರ್ನ್ ಕೊಡಲೇಬೇಕು. ಪಗಾರದ ಜೊತೆಗೆ ಸ್ವಂತ ಅಂಗಡಿ, ಹೊಲಿಗೆ ಮುಂತಾದ ವ್ಯಾಪಾರವಿರುವವರಿಗೆ ಹೀಗೆ ವರ್ಷವರ್ಷವೂ ಬದಲಿಸುವ ಸ್ವಾತಂತ್ರ್ಯವಿಲ್ಲ. ಅವರು ಬಲ್ಲವರನ್ನು ಕೇಳಬೇಕು.

2025ರ ಜೂನ್‌ನಲ್ಲಿ ಫಾರಂ 16 ಕೈಗೆ ಬಂದ ಮೇಲೆ ನಾವೂ ಅವರೂ ವಾಚನಾಲಯದಲ್ಲಿ ಕೂತು, ಮುರಿದ ಹಣವೆಲ್ಲ ಸರಕಾರಕ್ಕೆ ಜಮೆಯಾಗಿದೆಯೇ ಎಂದು ಇಲಾಖೆಯ 26ಎಎಸ್ ಪಟ್ಟಿಯಲ್ಲಿ ತಾಳೆ ನೋಡಿ, ಹೊಸ ಪದ್ಧತಿಯಂತೆ ರಿಟರ್ನ್ ತುಂಬಿದೆವು. ಆಗಸ್ಟ್‌ನಲ್ಲಿ 22,880 ರೂಪಾಯಿಯೂ ಅವರ ಬ್ಯಾಂಕಿನ ಖಾತೆಗೆ ತಿರುಗಿ ಬಂತು. ಆದರೆ ಅಷ್ಟರಲ್ಲಿ ಮಳೆ ಹಿಡಿದಿತ್ತು. ಆ ವರ್ಷದ ಮಳೆಗಾಲವನ್ನು ಅವರ ತಂದೆ ತಾಯಿ ಸೋರುವ ಮಾಳಿಗೆಯ ಕೆಳಗೇ ಕಳೆದರು. ಜಂತಿ ಬದಲಾದದ್ದು ದೀಪಾವಳಿಯ ಮೇಲೆ. ಹಣ ಬಂತು, ಹೊತ್ತು ಬರಲಿಲ್ಲ. ಆದ್ದರಿಂದ ಜುಲೈಯಲ್ಲಿ ತಿದ್ದುವುದಕ್ಕಿಂತ ಏಪ್ರಿಲ್‌ನಲ್ಲಿ ಸರಿಯಾಗಿ ಗುರುತು ಹಾಕುವುದೇ ಮೇಲು.

ಸೊನ್ನೆ ಎಂದರೆ ರಿಟರ್ನ್ ಬೇಡವೆಂದಲ್ಲ. 2025-26ರಲ್ಲಿ ಹೊಸ ಪದ್ಧತಿಯಂತೆ ವರಮಾನ 4 ಲಕ್ಷ ದಾಟಿದವರು ತೆರಿಗೆ ಬರದಿದ್ದರೂ ರಿಟರ್ನ್ ಕೊಡಬೇಕು. ತಡಮಾಡಿದರೆ 5 ಲಕ್ಷದೊಳಗಿನ ವರಮಾನಕ್ಕೆ 1,000, ಅದರ ಮೇಲಿನವರಿಗೆ 5,000 ರೂಪಾಯಿಯವರೆಗೆ ತಡದ ಶುಲ್ಕ.

2026ರ ಏಪ್ರಿಲ್ 1ರಿಂದ 1961ರ ಕಾಯಿದೆಯ ಸ್ಥಾನಕ್ಕೆ 2025ರ ವರಮಾನ ತೆರಿಗೆ ಕಾಯಿದೆ ಬಂದಿದೆ. ಅದರಲ್ಲಿ ಕಲಮುಗಳ ಸಂಖ್ಯೆಗಳೂ ಫಾರಮುಗಳ ಸಂಖ್ಯೆಗಳೂ ಬೇರೆ. ಆದರೆ ಎರಡು ಪದ್ಧತಿಗಳ ಆಯ್ಕೆ ಉಳಿದಿದೆ. ದರಗಳನ್ನು ಪ್ರತಿ ವರ್ಷ ಫೆಬ್ರವರಿಯ ಬಜೆಟ್ಟಿನ ನಂತರ ಹೊಸದಾಗಿ ನೋಡಿಕೊಳ್ಳಬೇಕು.

ಅಭ್ಯಾಸಕ್ಕೆ ಒಂದು ಲೆಕ್ಕ

ಹೋಟೆಲ್ ಕ್ಯಾಷಿಯರ್ ಒಬ್ಬರ ಪಗಾರ 2025-26ರಲ್ಲಿ ತಿಂಗಳಿಗೆ 75,000. ಪಿಎಫ್ ಮತ್ತು ಎಲ್‌ಐಸಿ ಸೇರಿ 1,00,000. ಪ್ರೊಫೆಷನ್ ಟ್ಯಾಕ್ಸ್ 2,500. ಊಟ ವಸತಿ ಹೋಟೆಲಿನದೇ ಆದ್ದರಿಂದ ಬಾಡಿಗೆ ಇಲ್ಲ. (ಆ ಊಟ ವಸತಿಯ ಬೆಲೆಯನ್ನು ಇಲ್ಲಿ ಲೆಕ್ಕಕ್ಕೆ ಹಿಡಿಯುವುದು ಬೇಡ.) ಎರಡೂ ಪದ್ಧತಿಗಳಲ್ಲಿ ತೆರಿಗೆ ಎಷ್ಟು? ಕೆಳಗಿನ ಉತ್ತರ ನೋಡುವ ಮೊದಲು ಕಾಗದದ ಮೇಲೆ ಮಾಡಿ ನೋಡಿರಿ.

ಉತ್ತರ: ಹಳೆಯ ಪದ್ಧತಿಯಲ್ಲಿ 9,00,000ದಿಂದ ವಜಾ ಹೋಗಿ 7,47,500, ತೆರಿಗೆ 62,000, ಸೆಸ್ 2,480, ಒಟ್ಟು 64,480. ಹೊಸ ಪದ್ಧತಿಯಲ್ಲಿ 8,25,000, ರಿಯಾಯಿತಿಯಿಂದಾಗಿ ಸೊನ್ನೆ.

ಈ ಲೆಕ್ಕ ಬಂದವರು ತಮ್ಮ ಕೋಣೆಯ ಇನ್ನೊಬ್ಬರಿಗೆ ಹೇಳಿಕೊಡಬೇಕೆಂದು ಕೋರುತ್ತೇವೆ. ಬಾರದವರು ಪಗಾರದ ಚೀಟಿಯೊಡನೆ ಆದಿತ್ಯವಾರ ಸಂಜೆ ವಾಚನಾಲಯಕ್ಕೆ ಬರಲಿ, ಕೂತು ಮಾಡೋಣ. ಇದಕ್ಕೆ ಫೀಸು ಏನೂ ಇಲ್ಲ.